ಹೇಳಿ ಏಳುತ್ತಿದ್ದವರು

ಮೊನ್ನೆ ನೀವಿಬ್ಬರೂ ಶಾಲೆಯ ಕೆಲಸಕ್ಕೆಂದು ರಟ್ಟಿನಲ್ಲಿ ಮಹಾರಾಷ್ಟ್ರದ ನಕ್ಷೆ ಕತ್ತರಿಸಿ, ಮೂಲೆಗೊಂದು ತೂತು ಹಾಕಿ, ಗೋಡೆಯ ಮೊಳೆಗೆ ತೂಗುಬಿಟ್ಟು ಅದರ ನಡುಬಿಂದು, ಎಂದರೆ ಭಾರವೆಲ್ಲ ತೂಗಿ ನಿಲ್ಲುವ ಜಾಗ, ಹುಡುಕುತ್ತಿದ್ದಿರಿ. ದಾರ ಇಳಿಬಿಟ್ಟು ಒಂದು ಗೆರೆ ಎಳೆದಿರಿ. ಮುಂದೇನು ಎಂದು ತಿಳಿಯದೆ ಒಬ್ಬರ ಮುಖ ಒಬ್ಬರು ನೋಡುತ್ತಿದ್ದಾಗ ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು, "ಇನ್ನೊಂದ ಕಡೆ ತೂತ ಹಾಕ್ರಿ, ಅಲ್ಲಿಂದ ಮತ್ತ ತೂಗಬಿಡ್ರಿ. ಎರಡೂ ಗೆರಿ ಎಲ್ಲಿ ಕೂಡ್ತಾವ ಅಲ್ಲೇ ಅದ" ಎಂದೆ. ನೀವು ಕಣ್ಣರಳಿಸಿ, "ಅಜ್ಜಿ, ನಿನಗ ಹ್ಯಾಂಗ ಗೊತ್ತು?" ಎಂದಿರಿ. ನನಗೆ ನಾಚಿಕೆಯಾಯಿತು. ಹಾಲು ಉಕ್ಕುತ್ತದೆ ಎಂದು ಸುಳ್ಳು ಹೇಳಿ ಒಳಗೆ ಹೋದೆ.

ಹೇಗೆ ಗೊತ್ತು ಎಂದು ಈಗ ಬರೆಯುತ್ತೇನೆ. ಬಾಯಿಂದ ಹೇಳಲು ನನಗೆ ಬರುವುದಿಲ್ಲ.

ಕೆಳಗಿನ ಮನೆಯ ಸರ್ ಕಲಿಸಿದ್ದು. ನೀವು ಶಾಲೆಗೆ ಹೊರಟಾಗ ಮೆಟ್ಟಿಲ ಬಳಿ ತಡೆದು, ಬೆನ್ನಿನ ಚೀಲ ಎತ್ತಿ ನೋಡಿ, "ಜೋತು ಬಿಡಬ್ಯಾಡ, ಬೆನ್ನಿಗೆ ಹತ್ತಿ ಇರ್ಲಿ" ಎಂದು ಪಟ್ಟಿ ಬಿಗಿಯುತ್ತಿದ್ದರಲ್ಲ, ಅದೇ ಮುದುಕರು. ಅವರು ಹೋಗಿ ಇನ್ನೂ ಬಹಳ ದಿನವಾಗಿಲ್ಲ. ಅವರ ಹೆಸರು ಬರೆಯುವುದಿಲ್ಲ. ಎದುರಿಗೆ ಎಂದೂ ಹೆಸರು ಹಿಡಿದು ಕರೆದವಳಲ್ಲ, ಈಗ ಕಾಗದದ ಮೇಲೆ ಯಾಕೆ ಕರೆಯಲಿ?

ಸರ್ ಧಾರವಾಡದ ಕಡೆಯವರು. ಇಲ್ಲಿ ಪುಣೆಯ ಶಿವಾಜಿನಗರದ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿ ನಿವೃತ್ತರಾಗಿದ್ದರು. ಸಣಕಲು ದೇಹ, ಮುಂದೆ ಬಾಗಿದ ಕುತ್ತಿಗೆ. ಮಾತಾಡುವಾಗ ಕೈಗೆ ಸಿಕ್ಕಿದ ವಸ್ತುವನ್ನು, ಪೆನ್ನಾಗಲಿ ಚಮಚೆಯಾಗಲಿ, ತೋರುಬೆರಳಿನ ಮೇಲೆ ಅಡ್ಡ ನಿಲ್ಲಿಸುತ್ತಿದ್ದರು. ಅದು ಅವರ ಚಾಳಿ. ವಸ್ತು ನಿಲ್ಲುವವರೆಗೆ ಮಾತೂ ನಿಂತಿರುತ್ತಿತ್ತು. ಅವರ ಹೆಂಡತಿಯನ್ನು ನಾನು ವೈನಿ ಎನ್ನುತ್ತಿದ್ದೆ, ಅಣ್ಣನ ಹೆಂಡತಿಗೆ ನಮ್ಮ ಕಡೆ ಕರೆಯುವ ಹಾಗೆ. ಮೈತುಂಬಿದ ಹೆಂಗಸು, ದೊಡ್ಡ ಕುಂಕುಮ, ದೊಡ್ಡ ನಗೆ. ಮಕ್ಕಳಿರಲಿಲ್ಲ. ಇಬ್ಬರೇ.

ನಿಮ್ಮ ಅಜ್ಜ ಹೋದ ಮೇಲೆ ನಾನು ಕೆಳಗಿಳಿಯುವುದನ್ನೇ ಬಿಟ್ಟಿದ್ದೆ. ಹಳ್ಳಿಯ ಶಾಲೆಯಲ್ಲಿ ಏಳನೆಯ ಇಯತ್ತೆ ಕಲಿತವಳು ನಾನು. ಇಷ್ಟು ವರ್ಷ ಪುಣೆಯಲ್ಲಿದ್ದು ಮರಾಠಿ ಬಾಯಿಗೆ ಬರುತ್ತಿತ್ತು, ಧೈರ್ಯ ಬರುತ್ತಿರಲಿಲ್ಲ. ಒಂದು ಸಂಜೆ ವೈನಿ ಕೆಳಗಿನಿಂದಲೇ ಕೂಗಿದರು: "ಏ ತಂಗೀ, ಬಾ ಕೆಳಗ! ಗ್ವಾಡಿ ಜೋಡಿ ಎಷ್ಟಂತ ಮಾತಾಡ್ತಿ?"

ಅಂಗಳದ ಬೇವಿನ ಮರದಡಿಯ ಹಲಗೆ ನಿಮಗೆ ಗೊತ್ತಲ್ಲ. ಯಾವುದೋ ಹಳೆಯ ಬಾಗಿಲಿನ ಹಲಗೆ, ಕೆಳಗೆ ಎರಡು ಕಲ್ಲು. ಕಲ್ಲುಗಳು ಒಳಸರಿದಿರುವುದರಿಂದ ಎರಡು ತುದಿಯೂ ಗಾಳಿಯಲ್ಲಿ ಚಾಚಿಕೊಂಡಿವೆ. ವೈನಿ ಒಂದು ಕಡೆ ಕುಳಿತಿದ್ದರು. ನಾನು ಯಾರಿಗೂ ತೊಂದರೆಯಾಗಬಾರದೆಂದು ಇನ್ನೊಂದು ತುದಿಯ ತುದಿಗೆ ಕುಳಿತೆ. ನನ್ನಂಥವರು ಕೂಡುವುದೇ ಹಾಗೆ. ಅಷ್ಟರಲ್ಲಿ ಹಾಲಿನವನು ಬಂದ, ವೈನಿ ಥಟ್ಟನೆ ಎದ್ದರು. ಹಲಗೆಯ ಆ ತುದಿ ಮೇಲೆ ಹಾರಿತು, ಈ ತುದಿ ನನ್ನನ್ನು ನೆಲಕ್ಕೆ ಹಾಕಿತು. ಸೀರೆ ಒಂದು ಕಡೆ, ಚಪ್ಪಲಿ ಒಂದು ಕಡೆ. ಭೂಮಿ ಬಾಯಿಬಿಟ್ಟರೆ ಸಾಕು ಎನಿಸಿತು.

ಸರ್ ಮನೆಯೊಳಗಿನಿಂದ ಓಡಿ ಬಂದು ಮೊದಲು ಹಲಗೆಯನ್ನು ನೋಡಿದರು, ನನ್ನನ್ನಲ್ಲ.

"ಬಿದ್ದಾಕಿನ್ನ ಎಬ್ಬಸ್ರಿ ಮೊದಲ" ಎಂದು ವೈನಿ ಗದರಿಸಿದರು. "ಹಲಗಿ ಎಲ್ಲೂ ಓಡಿ ಹೋಗೂದಿಲ್ಲ."

"ತಪ್ಪು ನಿಂದ" ಎಂದರು ಸರ್. "ಇಬ್ಬರೂ ಕೂತಾಗ ನಡುಬಿಂದು ಎರಡೂ ಕಲ್ಲಿನ ನಡುವ ಇತ್ತು. ನೀ ಹೇಳದ ಎದ್ದಿ. ಅದು ಪಟಕ್ಕನ ಸರದು ಕಲ್ಲಿನ ಹೊರಗ ಬಂತು. ಪಾಪ, ಈಕಿ ಏನ ಮಾಡಬೇಕು?" ಆಮೇಲೆ ನನ್ನ ಕಡೆ ತಿರುಗಿ, "ಪೆಟ್ಟಾತೇನು ತಂಗಿ?" ಎಂದರು.

ಅವತ್ತಿನಿಂದ ಒಂದು ಕಾಯಿದೆ ಬಂತು. ಹಲಗೆಯ ಮೇಲೆ ಕುಳಿತವರು ಏಳುವ ಮುಂಚೆ ಹೇಳಬೇಕು. ಉಳಿದವರು ನಡುವಿಗೆ ಸರಿಯಬೇಕು. ಸರ್ ತಾವು ಏಳುವಾಗ, "ಏಳ್ತೇನಿ ನೋಡು" ಎಂದು, ತಮ್ಮ ತುದಿಯನ್ನು ಅಂಗೈಯಿಂದ ಒತ್ತಿ ಹಿಡಿದು, ಇನ್ನೊಬ್ಬರು ಸರಿದು ಕುಳಿತರೆಂದು ಖಾತ್ರಿಯಾದ ಮೇಲೆ ಕೈ ತೆಗೆಯುತ್ತಿದ್ದರು. ಸೊಸೈಟಿಯ ಮರಾಠಿ ಮಂದಿಯೂ ಕಲಿತರು. "ಉಠತೋಯ ಹಂ!" ಎಂದು ಕೂಗಿ ಏಳುತ್ತಿದ್ದರು. ನಿಮ್ಮ ಅಪ್ಪ ಒಮ್ಮೆ, "ಸರ್, ಕಲ್ಲು ಹೊರಗ ಸರಿಸಿಬಿಟ್ರ ಮುಗೀತಲ್ಲ?" ಎಂದ. ಸರ್ ನಕ್ಕರು. "ಕಲ್ಲು ಸರಿಸಿದ್ರ ಹಲಗಿ ಸರಿ ಆಗ್ತದಪಾ. ಆದ್ರ ಮಂದಿ ಹೇಳಿ ಏಳೂದು ಬಿಡ್ತಾರ."

ಹೀಗೆ ನಾನು ದಿನಾ ಸಂಜೆ ಕೆಳಗೆ ಹೋಗತೊಡಗಿದೆ. ಮಳೆ ಬಂದರೆ ಅವರ ಮನೆಯೊಳಗೆ. ವೈನಿ ಚಹಾ ಮಾಡುತ್ತಿದ್ದರು, ಸರ್ ಊಟದ ಮೇಜಿನ ಮೇಲೆ ಅಡುಗೆಮನೆಯ ಸಾಮಾನು ಹರವಿಕೊಂಡು ಕೂಡುತ್ತಿದ್ದರು. ನನಗೆ ಪಾಠ ಹೇಳಬೇಕೆಂದು ಅವರು ಎಂದೂ ಹೊರಟಿರಲಿಲ್ಲ. ನಾನು ಅಲ್ಲಿ ಸುಮ್ಮನೆ ಕುಳಿತಿರುತ್ತಿದ್ದೆ. ಸುಮ್ಮನೆ ಕುಳಿತವರನ್ನು ಕಂಡರೆ ಮಾಸ್ತರರಿಗೆ ಕೈ ಕಡಿಯುತ್ತದೇನೋ.

ಸೌಟನ್ನು ಬೆರಳ ಮೇಲೆ ನಿಲ್ಲಿಸಿ ತೋರಿಸಿದರು. ಬೆರಳು ಸೌಟಿನ ಬಟ್ಟಲಿನ ಹತ್ತಿರ ಬಂದಾಗ ಅದು ಅಲುಗದೆ ನಿಂತಿತು. "ಭಾರ ಇದ್ದ ಕಡೆ ಬಿಂದು ಸರೀತದ" ಎಂದರು. ಫೂಟ್‌ಪಟ್ಟಿಯ ಒಂದು ತುದಿಗೆ ಬಟಾಟಿ, ಇನ್ನೊಂದು ತುದಿಗೆ ಲಿಂಬೆಹಣ್ಣು ಇಟ್ಟರು. ಬೆರಳನ್ನು ಬಟಾಟಿಯ ಹತ್ತಿರ ಒಯ್ದು ಪಟ್ಟಿಯನ್ನು ನಿಲ್ಲಿಸಿ, "ನೋಡು, ಬಿಂದು ಬಟಾಟಿಯೊಳಗೂ ಇಲ್ಲ, ಲಿಂಬಿಯೊಳಗೂ ಇಲ್ಲ. ನಡುವ ಅದ. ಎರಡೂ ಇರೋ ತನಕಾ ಅದು ಅಲ್ಲೇ ಇರ್ತದ" ಎಂದರು.

"ಮೂರಿದ್ರ?" ಎಂದು ನಾನು ಕೇಳಿದೆ. ಕೇಳಿದ ಮೇಲೆ ಯಾಕೆ ಕೇಳಿದೆನೋ ಎನಿಸಿತು.

ಸರ್ ಮುಖ ಅರಳಿತು. "ಮೊದಲ ಎರಡರದ್ದು ಹುಡುಕು. ಆ ಎರಡೂ ಆ ಬಿಂದುವಿನ್ಯಾಗನ ಬಂದು ಕೂತಾವ ಅಂತ ತಿಳಕೋ. ಆಮ್ಯಾಲೆ ಮೂರನೇದನ್ನ ಕೂಡಸು. ಬಿಂದು ಮೂರನೇದರ ಕಡೆ ಒಂದೀಟು ಸರೀತದ. ಎಷ್ಟ ಸಣ್ಣದಿದ್ರೂ ಸರೀತದ, ತಂಗಿ. ಸರೀಲಾರದ ಇರೂದಿಲ್ಲ."

ವೈನಿ ಚಹಾ ತಂದಿಟ್ಟು, "ಲಿಂಬಿಹಣ್ಣು ಕೊಡ್ರಿ ಇಲ್ಲೆ, ಚಿತ್ರಾನ್ನಕ್ಕ ಬೇಕು" ಎಂದು ಕಿತ್ತುಕೊಂಡರು. ಪಟ್ಟಿ ಬಿತ್ತು, ಬಟಾಟಿ ಮೇಜಿನ ಕೆಳಗೆ ಉರುಳಿತು. ಸರ್ ಮಂಡಿಯೂರಿ ಹುಡುಕಹೋದರು.

"ಬಟಾಟಿ ಎತ್ತಲಿಕ್ಕೆ ಹೆಂಗ ಬಗ್ತಾರ ನೋಡು. ಜೇಜುರಿಯೊಳಗ ಹಿಂಗ ಬಗ್ಗಿದ್ರ?"

ಜೇಜುರಿ ಎಂದರೆ ವೈನಿಯ ತವರಿನ ಮನೆದೇವರು ಖಂಡೋಬಾ ಇರುವ ಬೆಟ್ಟ. ನಮ್ಮ ಕಡೆ ಮೈಲಾರಲಿಂಗ ಎನ್ನುತ್ತೇವೆ. ಹೊಸದಾಗಿ ಮದುವೆಯಾದವರು ಅಲ್ಲಿಗೆ ಹೋದರೆ ಗಂಡ ಹೆಂಡತಿಯನ್ನು ಎತ್ತಿಕೊಂಡು ನಾಲ್ಕು ಮೆಟ್ಟಿಲು ಹತ್ತಬೇಕು. ಎಲ್ಲ ಮದುಮಕ್ಕಳೂ ಮಾಡುತ್ತಾರೆ, ನೆರೆದವರು ನಗುತ್ತ ಭಂಡಾರ ಎರಚುತ್ತಾರೆ. ಭಂಡಾರ ಎಂದರೆ ಅರಿಸಿನದ ಪುಡಿ. ಸರ್ ಮಾತ್ರ ಮದುವೆಯ ಹೊಸದರಲ್ಲಿ ಅಲ್ಲಿಗೆ ಹೋದಾಗ, ತಮ್ಮ ಅಪ್ಪ ಎದುರಿಗೆ ನಿಂತಿದ್ದಾರೆಂದು ನಾಚಿಕೊಂಡು, ಕೈಕಟ್ಟಿಕೊಂಡು ಸರಸರ ಒಬ್ಬರೇ ಹತ್ತಿಬಿಟ್ಟರಂತೆ. ವೈನಿ ಸೆರಗು ಹಿಡಿದುಕೊಂಡು ಹಿಂದಿನಿಂದ ಹತ್ತಿದರಂತೆ. ಅದನ್ನು ಅವರು ಗಂಡನಿಗೆ ಜೀವಮಾನವಿಡೀ ಆಡಿ ತೋರಿಸಿದರು. ಸರ್ ಪೇಟೆಯಿಂದ ಕುಂಬಳಕಾಯಿ ಹೊತ್ತು ತಂದರೆ, "ಇದನ್ನ ಎತ್ಯಾರ. ಇದರ ಪುಣ್ಯಾ ದೊಡ್ಡದು" ಎನ್ನುತ್ತಿದ್ದರು. ಸರ್ ಚಮಚೆಯನ್ನು ಬೆರಳ ಮೇಲೆ ನಿಲ್ಲಿಸುತ್ತಿದ್ದರು.

ಆಮೇಲೆ ವೈನಿಗೆ ಲಕ್ವಾ ಹೊಡೆಯಿತು.

ಬೆಳಿಗ್ಗೆ ಹಲ್ಲುಜ್ಜುತ್ತಿದ್ದವರು ಹಾಗೇ ಎಡಕ್ಕೆ ವಾಲಿದರು. ಆಸ್ಪತ್ರೆಯಿಂದ ಬಂದಾಗ ಎಡಗೈ, ಎಡಗಾಲು ಸತ್ತಿದ್ದವು. ಮಾತು ತೊದಲುತ್ತಿತ್ತು, ನಿಧಾನಕ್ಕೆ ಬಂತು. ಹಗಲು ಒಬ್ಬ ಮಾವಶಿ ಕೆಲಸಕ್ಕೆ ಬರುತ್ತಿದ್ದಳು. ಆದರೆ ಹೆಂಡತಿಯನ್ನು ಮಂಚದಿಂದ ಗಾಲಿಕುರ್ಚಿಗೆ ಎತ್ತುವ ಕೆಲಸವನ್ನು ಸರ್ ಯಾರಿಗೂ ಬಿಟ್ಟುಕೊಡಲಿಲ್ಲ. ಬಗ್ಗುವುದು ಕಡಿಮೆಯಾಗಲೆಂದು ಮಂಚದ ಕಾಲುಗಳ ಕೆಳಗೆ ಇಟ್ಟಿಗೆ ಕೊಟ್ಟರು. ವೈನಿಯ ನೆಟ್ಟಗಿದ್ದ ಬಲಗೈಯನ್ನು ತಮ್ಮ ಕುತ್ತಿಗೆಗೆ ಹಾಕಿಸಿಕೊಂಡು, ಮಂಡಿ ಬಗ್ಗಿಸಿ, ಅವರನ್ನು ಎದೆಗೆ ಒತ್ತಿಕೊಂಡು ಏಳುತ್ತಿದ್ದರು. ಕುರ್ಚಿಯಿಂದ ಮತ್ತೆ ಮಂಚಕ್ಕೆ ಏರಿಸುವಾಗ ಮಾತ್ರ ಮಾವಶಿಯ ಕೈ ಬೇಕಾಗುತ್ತಿತ್ತು.

"ಹತ್ತಿರ ಬರಬೇಕು" ಎಂದು ಏದುಸಿರು ಬಿಡುತ್ತ ನನಗೆ ವಿವರಿಸುತ್ತಿದ್ದರು. "ಆಕಿ ಬಿಂದು ನನ್ನ ಬಿಂದುವಿಗೆ ಹತ್ತಿರ ಬಂತಂದ್ರ ಭಾರ ನನ್ನ ಕಾಲ ಮ್ಯಾಲೆ ಬೀಳ್ತದ. ದೂರ ಹೋತಂದ್ರ ನನ್ನ ಮುಂದಕ್ಕ ಎಳದು ಬೀಳಸ್ತದ."

ನಾನು ಗಾಲಿಕುರ್ಚಿ ಹಿಡಿದು ನಿಂತಿರುತ್ತಿದ್ದೆ. ನನ್ನ ಬೆನ್ನು ಮೊದಲೇ ಸುಮಾರು, ಎತ್ತಲು ನನ್ನಿಂದ ಆಗುತ್ತಿರಲಿಲ್ಲ. ಕುರ್ಚಿ ಹಿಡಿಯುವುದು, ಚಪ್ಪಲಿ ಹಾಕುವುದು, ಸೆರಗು ಸರಿಮಾಡುವುದು, ಇಷ್ಟೇ ನನ್ನ ಕೈಲಾಗುತ್ತಿದ್ದದ್ದು. ಕಷ್ಟದಲ್ಲಿರುವವರ ಮನೆಯಲ್ಲಿ ಕೈಕಟ್ಟಿ ನಿಲ್ಲುವುದು ಎಂಥದೆಂದು ಆಗ ತಿಳಿಯಿತು.

ಒಂದು ದಿನ ಸರ್ ಹಾಗೆ ಎತ್ತುತ್ತಿದ್ದಾಗ ವೈನಿ ತೊದಲುತ್ತ, "ಈಗ ಎತ್ತಲಿಕ್ಕತ್ಯಾರ ನೋಡು ತಂಗಿ. ದೇವರಿಗೆ ಕಾಣಲಾರದಂಗ, ಮನಿಯೊಳಗ" ಎಂದರು.

ನಾನು ನಕ್ಕೆ. ಸರ್ ನಗಲಿಲ್ಲ. ಅವರನ್ನು ಕುರ್ಚಿಯಲ್ಲಿ ಕೂಡಿಸಿ, ಕಾಲು ಸರಿಯಾಗಿ ಇಟ್ಟು, "ಕಾಣೂ ಹಂಗ ಎತ್ತೂಣು" ಎಂದರು. "ಜೇಜುರಿಗೆ ಹೋಗೂಣು."

ಮೊದಲು ನಾವು ಚೇಷ್ಟೆ ಎಂದುಕೊಂಡೆವು. ಚೇಷ್ಟೆಯಾಗಿರಲಿಲ್ಲ. ಅವರಿಗೆ ಅದೊಂದೇ ಧ್ಯಾನವಾಯಿತು. ಹೆಂಡತಿಯ ದಿನಗಳು ಹೆಚ್ಚಿಲ್ಲವೆಂದು ಡಾಕ್ಟರು ಹೇಳಿದ್ದು ಅವರಿಗೆ ಗೊತ್ತಿತ್ತು, ನಮಗೆ ಆಮೇಲೆ ಗೊತ್ತಾಯಿತು. ಅವಳು ಹೋಗುವ ಮುಂಚೆ ಆ ನಾಲ್ಕು ಮೆಟ್ಟಿಲು ಎತ್ತಿಕೊಂಡು ಹತ್ತಬೇಕು. ನಿಮ್ಮ ಅಪ್ಪ, "ಸರ್, ಈ ವಯಸ್ಸಿನ್ಯಾಗ ಸೊಂಟ ಹೋದ್ರ ಇಬ್ಬರನ್ನೂ ನೋಡಾವ್ರು ಯಾರ್ರಿ?" ಎಂದು ಎಷ್ಟೋ ಹೇಳಿದ. "ಸೊಂಟದ್ದಲ್ಲಪಾ, ಲೆಕ್ಕದ್ದು" ಎಂದರು ಸರ್. "ಬಿಂದು ಎಲ್ಲಿ ಅದ ಅಂತ ಸರಿಯಾಗಿ ಗೊತ್ತಾದ್ರ ಎತ್ತಲಿಕ್ಕೆ ಬರ್ತದ."

ಬಿಂದು ಹುಡುಕಲು ಅವರು ಏನು ಮಾಡಿದರು ಗೊತ್ತೆ? ಅಂಗಳದ ಹಲಗೆಯನ್ನೇ ಮನೆಯೊಳಗೆ ತರಿಸಿದರು. ಕೂಡಲು ಜಾಗವಿಲ್ಲದೆ ಸೊಸೈಟಿಯ ಮುದುಕರು ಅವತ್ತು ಗೊಣಗುತ್ತ ನಿಂತಿದ್ದರು. ತಮ್ಮ ಮನೆಯದೊಂದು, ನಮ್ಮ ಮನೆಯದೊಂದು, ಎರಡು ತೂಕದ ಕಾಟಾ ನೆಲದ ಮೇಲಿಟ್ಟು, ಹಲಗೆಯ ಒಂದೊಂದು ತುದಿ ಒಂದೊಂದರ ಮೇಲೆ ಬರುವಂತೆ ಹಾಸಿದರು. ಬರೀ ಹಲಗೆಯ ತೂಕ ಮೊದಲು ನೋಡಿಕೊಂಡರು. ಆಮೇಲೆ ನಿಮ್ಮ ಅಪ್ಪನೂ ಮಾವಶಿಯೂ ಸೇರಿ ವೈನಿಯನ್ನು ಅದರ ಮೇಲೆ ಮಲಗಿಸಿದರು.

"ಸಂತ್ಯಾಗಿನ ಗಜ್ಜರಿಗತೆ ತೂಗ್ಲಿಕ್ಕತ್ಯಾರ" ಎಂದು ವೈನಿ ಮಲಗಿದಲ್ಲೇ ನಕ್ಕರು. ನಕ್ಕಾಗ ಕಾಟಾದ ಮುಳ್ಳು ಕುಣಿಯಿತು.

"ನಗಬ್ಯಾಡ, ಲೆಕ್ಕ ಕೆಡ್ತದ!"

ತಲೆಯ ಕಡೆಯ ಕಾಟಾ ಹೆಚ್ಚು ತೋರಿಸಿತು, ಕಾಲಿನ ಕಡೆಯದು ಕಡಿಮೆ. ಎರಡನ್ನೂ ಇಟ್ಟುಕೊಂಡು ಸರ್ ಮನಸ್ಸಿನಲ್ಲೇ ಏನೋ ಗುಣಿಸಿದರು, ಗೇಣು ಹಾಕಿ ಅಳೆದರು. ಹೊಕ್ಕುಳಿನ ತುಸು ಕೆಳಗೆ ಬಂದು ಅವರ ಬೆರಳು ನಿಂತಿತು. ನಾವೆಲ್ಲ ಇದ್ದೆವಲ್ಲ, ಅವರಿಗೆ ಸಂಕೋಚವಾಯಿತು. ಬೆರಳು ತೆಗೆದು, ನನ್ನ ಕೈಗೆ ಒಂದು ಕೆಂಪು ದಾರ ಕೊಟ್ಟು, "ತಂಗಿ, ಅಲ್ಲೆ ಕಟ್ಟು" ಎಂದು ಮುಖ ತಿರುಗಿಸಿ ನಿಂತರು. ನಾನು ವೈನಿಯ ಸೀರೆಯ ಮೇಲಿನಿಂದ ದಾರ ಸುತ್ತಿ ಕಟ್ಟಿದೆ. ಆಮೇಲೆ ದಿನಾ ಬೆಳಿಗ್ಗೆ ಅಭ್ಯಾಸ. ದಾರ ತಮ್ಮ ಬೆಲ್ಟಿಗೆ ತಾಗುವವರೆಗೆ ಹತ್ತಿರ ತಂದುಕೊಂಡು ಮಂಚದಿಂದ ಎತ್ತುತ್ತಿದ್ದರು. ಎತ್ತಿಕೊಂಡು ಒಂದು ಹೆಜ್ಜೆ. ಕೆಲವು ದಿನಗಳ ಮೇಲೆ ಎರಡು. ಒಂದು ದಿನ ಬಾಗಿಲ ತನಕ ಹೋಗಿ ಬಂದರು. ಅವರ ಹಣೆಯ ಮೇಲೆ ನರ ಉಬ್ಬಿದ್ದವು. "ಆತು" ಎಂದರು. "ಇನ್ನ ನಡೀರಿ."

ನಿಮ್ಮ ಅಪ್ಪ ಕಾರು ನಡೆಸಿದ. ಜಾತ್ರೆಯಿಲ್ಲದ ದಿನ ನೋಡಿ ಹೋದೆವು, ಆದರೂ ಜೇಜುರಿಯಲ್ಲಿ ಮಂದಿ ಇದ್ದೇ ಇರುತ್ತಾರೆ. ವೈನಿ ಇಳಕಲ್ ಸೀರೆ ಉಟ್ಟಿದ್ದರು, ಅದರ ಮೇಲೆ ಆ ಕೆಂಪು ದಾರ. ಗಾಲಿಕುರ್ಚಿಯನ್ನು ಮೆಟ್ಟಿಲಿನ ಬುಡದವರೆಗೆ ತಳ್ಳಿಕೊಂಡು ಬಂದೆವು. ಮೆಟ್ಟಿಲೆಲ್ಲ ಹಳದಿ. ಎದುರಿಗೇ ಒಬ್ಬ ಹುಡುಗ ಹೊಸ ಹೆಂಡತಿಯನ್ನು ಎತ್ತಿಕೊಂಡು ಹತ್ತುತ್ತಿದ್ದ. ಅವಳು ಮುಖ ಮುಚ್ಚಿಕೊಂಡು ಕಿಲಕಿಲ ನಗುತ್ತಿದ್ದಳು.

ನಮ್ಮ ಮಾತು ಕೇಳಿ ಪಕ್ಕದಲ್ಲಿದ್ದ ಹೆಂಗಸರ ಗುಂಪೊಂದು ತಿರುಗಿತು. "ನಮ್ಮ ಕಡೆಯವ್ರಾ?" ವಿಜಾಪುರದ ಕಡೆಯಿಂದ ಬಂದವರು. ವೈನಿಯನ್ನೂ ಕುರ್ಚಿಯನ್ನೂ ನೋಡಿ ಅವರಿಗೆ ಕರುಳು ಚುರುಕ್ಕೆಂದಿರಬೇಕು. "ಉಡಿ ತುಂಬ್ತೀವಿ ಅವ್ವಾ" ಎಂದು ತಮ್ಮ ಗಂಟು ಬಿಚ್ಚಿ, ವೈನಿಯ ಸೆರಗಿನಲ್ಲಿ ಅಕ್ಕಿ, ತೆಂಗಿನಕಾಯಿ, ಉತ್ತತ್ತಿ, ಅರಿಸಿನದ ಕೊಂಬು ಹಾಕಿ ಹಣೆಗೆ ಭಂಡಾರ ಹಚ್ಚಿದರು. ನಾನು ಕುರ್ಚಿಯ ಹಿಂದೆ ಸರಿದು ನಿಂತೆ. ಉಡಿ ತುಂಬುವುದು ಮುತ್ತೈದೆಯರಿಗೆ, ನನಗಲ್ಲ. ಅವರೂ ನನ್ನ ಹಣೆ ನೋಡಿ ಸುಮ್ಮನಾದರು. ಅದರಲ್ಲಿ ಬೇಸರವೇನಿಲ್ಲ, ಅಷ್ಟು ವರ್ಷದ ರೂಢಿ.

ಸರ್ ಅಂಗಿಯ ತೋಳು ಮಡಚಿ ಬಗ್ಗಿದರು. "ಕೈ ಹಾಕು" ಎಂದರು.

ವೈನಿ ಹಾಕಲಿಲ್ಲ. ನೆಟ್ಟಗಿದ್ದ ಒಂದೇ ಕೈಯಲ್ಲಿ ಅವರು ತುಂಬಿದ ಉಡಿಯನ್ನು ಹಿಡಿದಿದ್ದರು. ಬಿಟ್ಟರೆ ಅದು ಚೆಲ್ಲುತ್ತಿತ್ತು.

ಇದನ್ನು ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ. ಸರ್ ಹಾಗೇ ಎತ್ತಲು ನೋಡಿದರು. ಕುತ್ತಿಗೆಗೆ ಕೈ ಇಲ್ಲದೆ ವೈನಿ ಹಿಂದಕ್ಕೆ ವಾಲಿದರು, ಕೆಂಪು ದಾರ ದೂರ ಹೋಯಿತು, ಸರ್ ಮುಗ್ಗರಿಸಿದರು.

"ಉಡಿ ಕುರ್ಚಿ ಮ್ಯಾಲೆ ಇಡು."

"ತುಂಬಿದ ಉಡಿ ಕೆಳಗ ಇಳಸ್ತಾರೇನ್ರಿ?" ಎಂದರು ವೈನಿ. "ನಿಮ್ಮ ಹೆಸರಿಂದದು."

ಸರ್ ಆ ಹೆಂಗಸರನ್ನು ನೋಡಿದರು. ತಾವು ತುಂಬಿದ್ದನ್ನು ತಾವೇ ವಾಪಸು ಹಿಡಿಯುವುದು ಹೇಗೆ ಎಂದು ಅವರು ಹಿಂದೆ ಸರಿದರು. ಆಗ ವೈನಿ ಕತ್ತು ಹೊರಳಿಸಿ ನನ್ನನ್ನು ನೋಡಿದರು.

"ನೀ ಒಡ್ಡು, ತಂಗಿ."

"ನಾ ಹ್ಯಾಂಗ್ರಿ ವೈನಿ... ನನ್ನ ಕೈಯಾಗ..."

"ಒಡ್ಡು ಅಂದೆ. ನನ್ನ ಕೈ ಸೋಲ್ಲಿಕ್ಕತ್ತದ."

ನಾನು ಸೆರಗು ಒಡ್ಡಿದೆ. ವೈನಿ ಉಡಿಯನ್ನು ಅದರಲ್ಲಿ ಸುರಿದರು. ಅಕ್ಕಿಯ ಸದ್ದು ನನಗೆ ಈಗಲೂ ಕೇಳುತ್ತದೆ. ಆ ಹೆಂಗಸರಲ್ಲಿ ಒಬ್ಬಳು, "ಶಿವಾ ಶಿವಾ" ಎಂದಳು. ನಾನು ತಲೆ ತಗ್ಗಿಸಿ ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದು ನಿಂತೆ. ಚೆಲ್ಲಿದರೆ ಸರ್‌ಗೆ ಕೇಡು.

ಈಗ ವೈನಿಯ ಕೈ ಗಂಡನ ಕುತ್ತಿಗೆಗೆ ಬಂತು. ಸರ್ ಮಂಡಿ ಬಗ್ಗಿಸಿ, ಕೆಂಪು ದಾರವನ್ನು ಬೆಲ್ಟಿಗೆ ತಾಗಿಸಿಕೊಂಡರು. ಎಲ್ಲ ಮನೆಯಲ್ಲಿ ಮಾಡಿದ ಹಾಗೆಯೇ. ಉಸಿರು ಕಟ್ಟಿದರು. ವೈನಿ ಕುರ್ಚಿಯಿಂದ ಅಂಗುಲದಷ್ಟು ಮೇಲೆದ್ದರು. ಅಷ್ಟೇ. ವೈನಿ ಮತ್ತೆ ಕುರ್ಚಿಗೇ ಕುಸಿದರು.

"ಉಚಲಾ ಆಜೋಬಾ, ಉಚಲಾ!" ಎತ್ತಿರಿ ಅಜ್ಜಾ ಎಂದು ಮೇಲಿನಿಂದ ಯಾರೋ ಹುರಿದುಂಬಿಸಿದರು. ಕೆಲವರು ನಿಂತು ನೋಡತೊಡಗಿದರು. ಸರ್ ಇನ್ನೊಮ್ಮೆ ಬಗ್ಗಿದರು. ಈ ಸಲ ಅಂಗುಲವೂ ಏಳಲಿಲ್ಲ. ಮತ್ತೊಮ್ಮೆ ಬಗ್ಗಿದರು. ನಿಮ್ಮ ಅಪ್ಪನಿಗೆ ನೋಡಲಾಗಲಿಲ್ಲ, "ಸರ್, ನಾ ಎತ್ತತೇನ್ರಿ" ಎಂದು ಮುಂದೆ ಬಂದ.

ವೈನಿ ಕೈ ಅಡ್ಡ ಮಾಡಿದರು. "ಬ್ಯಾಡಪಾ. ನನ್ನ ಗಂಡ ಯಾರಂತ ದೇವರಿಗೆ ಗೊಂದಲ ಆಗ್ತದ."

ನಾನು ಏನು ಮಾಡಲಿ? ಓಡಿಹೋಗಿ ಒಂದು ಕೈ ಕೊಡಬೇಕೆಂದರೆ ಎರಡೂ ಕೈಯಲ್ಲಿ ಉಡಿ. ಕಣ್ಣು ಒರೆಸಿಕೊಳ್ಳಬೇಕೆಂದರೂ ಎರಡೂ ಕೈಯಲ್ಲಿ ಉಡಿ. ಹಾಗೇ ನಿಂತೆ.

ಸರ್ ಮೊದಲನೆಯ ಮೆಟ್ಟಿಲ ಮೇಲೆ ಕುಳಿತುಬಿಟ್ಟರು. ಮುಖ ಬಿಳಿಚಿತ್ತು. ತಮ್ಮ ಅಂಗೈಗಳನ್ನು ನೋಡಿಕೊಂಡರು. "ಬಿಂದು ಸರಿ ಅದ" ಎಂದರು, ಯಾರಿಗೂ ಅಲ್ಲ. "ಬಿಂದು ಸಿಕ್ಕಿತಂತ ಭಾರ ಕಡಿಮಿ ಆಗೂದಿಲ್ಲ. ಮನಿಯೊಳಗ ಇಟ್ಟಂಗಿ ಎತ್ತಿದ್ವು. ನಾ ಅಲ್ಲ."

ಮಂಚದ ಕಾಲಿನ ಇಟ್ಟಿಗೆಗಳು ನನಗೆ ಆಗ ನೆನಪಾದವು. ಮಂಚ ಅವರ ಸೊಂಟದೆತ್ತರಕ್ಕಿತ್ತು, ಅಲ್ಲಿಂದ ಎತ್ತುವುದು ಬೇರೆ. ಕುರ್ಚಿ ಕೆಳಗಿತ್ತು. ಇದು ಅವರಿಗೆ ತಿಳಿಯದ್ದಲ್ಲ. ಆಸೆಯಿದ್ದಲ್ಲಿ ತಿಳಿದದ್ದೂ ಮರೆಯುತ್ತದೆ.

ವೈನಿ ಕುರ್ಚಿಯನ್ನು ಹತ್ತಿರ ತಳ್ಳಲು ನಿಮ್ಮ ಅಪ್ಪನಿಗೆ ಸನ್ನೆ ಮಾಡಿದರು. ತಮ್ಮ ಹಣೆಯ ಭಂಡಾರವನ್ನು ಬಲಗೈಯಿಂದ ಒರೆಸಿ ಗಂಡನ ಹಣೆಗೆ ಹಚ್ಚಿದರು. ಅದು ಜಾರಿ ಮೂಗಿನ ತನಕ ಬಂತು. "ಇರ್ಲಿ ಬಿಡ್ರಿ. ಆವಾಗ ನೀವ ಒಬ್ಬರ ಮ್ಯಾಲೆ ಹೋಗಿದ್ರಿ, ನಾ ಹಿಂದ ಉಳದಿದ್ದೆ. ಈಗ ಇಬ್ಬರೂ ಕೆಳಗ ಕೂತೀವಿ. ಇದ ಚಲೋ ಆತು."

ಸರ್ ಅತ್ತರು. ಅಷ್ಟು ಮಂದಿಯ ಎದುರಿಗೆ, ಮೂಗಿನ ಮೇಲೆ ಅರಿಸಿನ ಇಟ್ಟುಕೊಂಡು, ಮಕ್ಕಳ ಹಾಗೆ. ನಾಚಿಕೊಳ್ಳಲಿಲ್ಲ.

ಹೊರಡುವಾಗ ನಾನು ಉಡಿಯನ್ನು ವಾಪಸು ಕೊಡಹೋದೆ. ವೈನಿ ತಗೊಳ್ಳಲಿಲ್ಲ. "ನಿನ್ನ ಕಡೇ ಇರ್ಲಿ" ಎಂದರು. "ನಿನ್ನ ಸರ್ ಹೇಳಿಲ್ಲೇನು, ಮೂರನೇದನ್ನೂ ಕೂಡಸಬೇಕಂತ?" ಪುಣೆಯ ತನಕ ಕಾರಿನಲ್ಲಿ ನಾನು ಆ ಉಡಿಯನ್ನು ಮಡಿಲಲ್ಲಿ ಹಿಡಿದೇ ಕುಳಿತಿದ್ದೆ. ನಿಮ್ಮ ಅಜ್ಜ ಹೋದ ಮೇಲೆ ನನ್ನ ಸೆರಗು ತುಂಬಿದ್ದು ಅವತ್ತೇ. ಮರುದಿನ ಆ ಅಕ್ಕಿ ಬೇಯಿಸಿ, ಕಾಯಿ ತುರಿದು, ಬೆಲ್ಲ ಹಾಕಿ ಹುಗ್ಗಿ ಮಾಡಿ ಕೆಳಗೆ ಒಯ್ದೆ. ವೈನಿಗೆ ಸರ್ ಉಣಿಸಿದರು. ಜೇಜುರಿಯ ಮಾತನ್ನು ಯಾರೂ ಎತ್ತಲಿಲ್ಲ. ವೈನಿ ಆ ಮೇಲೆ ಗಂಡನನ್ನು ಎಂದೂ ಅದಕ್ಕಾಗಿ ಚುಚ್ಚಲಿಲ್ಲ. ಚುಚ್ಚಿದ್ದರೆ ಚೆನ್ನಾಗಿರುತ್ತಿತ್ತು ಎಂದು ಸರ್ ಒಮ್ಮೆ ನನ್ನ ಹತ್ತಿರ ಅಂದರು.

ಆ ವರ್ಷದ ಚಳಿ ಇಳಿಯುವ ಮುಂಚೆ ವೈನಿ ಹೋದರು. ಮಧ್ಯಾಹ್ನ ಊಟ ಮಾಡಿ ಮಲಗಿದ್ದವರು ಚಹಾದ ಹೊತ್ತಿಗೆ ಏಳಲಿಲ್ಲ. ಸರ್ ಪಕ್ಕದ ಕುರ್ಚಿಯಲ್ಲೇ ಪೇಪರು ಓದುತ್ತಿದ್ದರಂತೆ. ನಾನು ಹೋದಾಗ ಅವರು ಮಂಚದ ಅಂಚನ್ನು ಎರಡೂ ಕೈಯಿಂದ ಒತ್ತಿ ಹಿಡಿದುಕೊಂಡಿದ್ದರು.

"ಹೇಳದ ಎದ್ದು ಬಿಟ್ಟಳು, ತಂಗಿ" ಎಂದರು.

ಹಲಗೆ ಮತ್ತೆ ಬೇವಿನ ಮರದಡಿಗೆ ಹೋಗಿತ್ತು. ಸಂಜೆ ಸರ್ ಬಂದು ಒಂದು ಕಡೆ ಕೂಡುತ್ತಿದ್ದರು, ನಾನು ಇನ್ನೊಂದು ಕಡೆ. ನಾನು ಮೊದಲಿನ ಹೆದರಿಕೆಯಿಂದ ನಡುವಿಗೆ ಕುಳಿತರೆ, "ಅಲ್ಲಲ್ಲ, ಈಗ ನೀ ತುದಿಗೇ ಕೂಡು" ಎನ್ನುತ್ತಿದ್ದರು. "ಹಗುರ ಇದ್ದವರು ದೂರ ಕೂಡಬೇಕು. ಅಂದ್ರ ತೂಗ್ತದ." ತುದಿಗೆ ಕೂಡುವ ನನ್ನ ಚಾಳಿಗೆ ಹೀಗೆ ಒಂದು ಅರ್ಥ ಸಿಕ್ಕಿತು. ಆದರೆ ಅವರು ತೂಗಲಿಲ್ಲ. ದಿನದಿನಕ್ಕೆ ಸೊರಗಿದರು. ಊಟ ಒಯ್ದರೆ ಉಣ್ಣುತ್ತಿದ್ದರು, ಒಯ್ಯದಿದ್ದರೆ ಇಲ್ಲ. ಬೆರಳ ಮೇಲೆ ಇಟ್ಟ ಚಮಚೆ ನಿಲ್ಲುತ್ತಿರಲಿಲ್ಲ. ಬಿದ್ದ ಚಮಚೆಯನ್ನು ನಾನು ಎತ್ತಿಕೊಡುತ್ತಿದ್ದೆ, ಅವರು ಮತ್ತೆ ಇಡುತ್ತಿದ್ದರು, ಅದು ಮತ್ತೆ ಬೀಳುತ್ತಿತ್ತು.

ಒಮ್ಮೆ ನಾನೇ ಕೇಳಿದೆ. "ಸರ್, ಎರಡರಾಗ ಒಂದ ಉಳದ್ರ ಬಿಂದು ಎಲ್ಲಿ ಇರ್ತದ್ರಿ?"

ಅವರು ಯೋಚಿಸುವ ಅಗತ್ಯವಿರಲಿಲ್ಲ, ಆದರೂ ಯೋಚಿಸಿದರು. "ಉಳದದ್ದರೊಳಗನ, ತಂಗಿ. ಮತ್ತೆಲ್ಲಿ ಹೋಗ್ತದ?" ಎಂದು ಎದೆಯ ಕೆಳಗೆ ಕೈಯಿಟ್ಟುಕೊಂಡರು. "ಎರಡರ ನಡುವ ಇದ್ದಾಗ ಹಗುರ ಇತ್ತು."

ಅವರು ಹೋದದ್ದು ಈ ಮಳೆಗಾಲದಲ್ಲಿ. ಬೆಳಿಗ್ಗೆ ಮಾವಶಿ ಬಾಗಿಲು ಬಡಿದು ಬಡಿದು ನಿಮ್ಮ ಅಪ್ಪನನ್ನು ಕರೆದಳು. ಧಾರವಾಡದಿಂದ ಅವರ ಅಣ್ಣನ ಮಗ ಬರುವವರೆಗೆ ನಾನು ಬಾಗಿಲಲ್ಲಿ ಕುಳಿತಿದ್ದೆ. ಅಷ್ಟೇ ನನ್ನಿಂದಾದದ್ದು.

ಅದರ ಹಿಂದಿನ ಸಂಜೆ ಮಳೆ ಬಿಟ್ಟಿತ್ತು. ಹಲಗೆ ಒದ್ದೆಯಾಗಿತ್ತು, ಸರ್ ಪೇಪರು ಹಾಸಿ ನನಗೂ ಜಾಗ ಮಾಡಿಕೊಟ್ಟಿದ್ದರು. ನೀವಿಬ್ಬರೂ ಅಂಗಳದ ನೀರಿನಲ್ಲಿ ಸೈಕಲ್ ಓಡಿಸುತ್ತಿದ್ದಿರಿ. ಅವರು ಬಹಳ ಹೊತ್ತು ನಿಮ್ಮನ್ನೇ ನೋಡುತ್ತ ಕುಳಿತಿದ್ದರು. ಕತ್ತಲಾಗುವ ಮುಂಚೆ ಊರುಗೋಲನ್ನು ಕೈಗೆ ತಗೊಂಡರು.

"ತಂಗೀ, ಏಳ್ತೇನಿ ನೋಡು."

"ಹೂಂ ರೀ" ಎಂದೆ.

ಅವರು ಎದ್ದು ನಿಂತು, ಬಾಗಿ, ಹಲಗೆಯ ತಮ್ಮ ತುದಿಯನ್ನು ಅಂಗೈಯಿಂದ ಒತ್ತಿ ಹಿಡಿದರು. ನಾನು ಸೀರೆ ಎತ್ತಿಕೊಂಡು ಮೆಲ್ಲಗೆ ನಡುವಿಗೆ ಸರಿದೆ. ಸರಿಯಾಗಿ ಕುಳಿತೆನೋ ಇಲ್ಲವೋ ಎಂದು ಒಮ್ಮೆ ನೋಡಿದರು. ಆಮೇಲೆ ಕೈ ತೆಗೆದರು.